ಕಥಿ ನಮ್ಮ ಬೆಂಚಿಗೆ ಬರಂಗಿಲ್ಲ

ಓದಿದ್ದನ್ನು ಮಕ್ಕಳಿಗೆ ಅರ್ಥ ಮಾಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ರಾಯದುರ್ಗದಲ್ಲಿ ಯಾರೂ ಇಲ್ಲ ಎಂದು ನಂಬಿದ್ದವನು ನಾನು. ಹಾಗೆ ನಂಬಿದ್ದವನು ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು. ಆದರೆ ನಂಬಿದ್ದಷ್ಟು ದಿನ ಬಹಳ ಸುಖವಾಗಿದ್ದೆ, ಅದನ್ನು ಮಾತ್ರ ಯಾರೂ ಕಸಿಯಲಾರರು.

ನನ್ನದು ಮಡಕಶಿರಾ ಕಡೆಯ ಹಳ್ಳಿ, ಹೇಮಾವತಿಗೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ. ಬೆಳಗ್ಗೆ ಎದ್ದು ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವುದನ್ನು ತಪ್ಪಿಸಿಕೊಳ್ಳುವುದಕ್ಕೆಂದೇ ಓದಿ ಮೇಷ್ಟ್ರಾದೆ ಎಂದು ನಮ್ಮಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅದು ಅಪವಾದವೇನಲ್ಲ, ಅಪ್ಪಟ ನಿಜ. ಸರ್ಕಾರ ನನ್ನನ್ನು ರಾಯದುರ್ಗದ ಒಂದು ಕನ್ನಡ ಮೀಡಿಯಂ ಶಾಲೆಗೆ ಹಾಕಿತು. ನಮ್ಮ ಕಡೆಯ ಕನ್ನಡದಲ್ಲಿ "ಯಾಕ್ರಮ್ಮ, ಓದ್ಕೊಂಡ್ ಬಂದಿಲ್ವಾ?" ಎಂದು ನಾನು ಗದರಿಸಿದರೆ ಅಲ್ಲಿನ ಮಕ್ಕಳು ಹೆದರುವ ಬದಲು ಮುಸಿಮುಸಿ ನಗುತ್ತಿದ್ದರು. ಬಳ್ಳಾರಿ ಕಡೆಯ ಮಾತಿನಲ್ಲಿ ಬೆಳೆದ ಕಿವಿಗಳಿಗೆ ನನ್ನ ಸಿಟ್ಟು ಸಿಟ್ಟಿನ ಹಾಗೆ ಕೇಳುತ್ತಲೇ ಇರಲಿಲ್ಲ.

ಆಗ ಊರಿನ ತುಂಬ ಜೀನ್ಸ್ ಪ್ಯಾಂಟು. ಗುಡ್ಡದ ಕೆಳಗಿನ ಗಲ್ಲಿಗಳಲ್ಲಿ ಪಡಸಾಲೆ ಇದ್ದವರ ಮನೆಯಲ್ಲೆಲ್ಲ ಹೊಲಿಗೆ ಮೆಷಿನ್ನು, ಇಲ್ಲದವರ ಮನೆಯ ಮುಂದೆ ದಾರದ ತುದಿ ಕತ್ತರಿಸಲು ತಂದ ಪ್ಯಾಂಟಿನ ರಾಶಿ. ನಮ್ಮ ಶಾಲೆಯ ಗೋಡೆಯಾಚೆಗೂ ಒಂದು ಹೊಲಿಗೆ ಯೂನಿಟ್ಟು. ಕರೆಂಟು ಬಂತೆಂದರೆ ಗರ್ರೆಂದು ಶುರುವಾಗಿ ನನ್ನ ಪಾಠ ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲ. ಅದರಿಂದ ಮಕ್ಕಳಿಗೆ ನಷ್ಟವಾಯಿತು ಎಂದು ಹೇಳುವ ಧೈರ್ಯ ಈಗ ನನಗಿಲ್ಲ.

ನನ್ನ ಮಕ್ಕಳಿಗೆ ಓದಲು ಬರುತ್ತಿತ್ತು. ಗಡಗಡ ಓದುತ್ತಿದ್ದರು. ಓದಿ ಮುಗಿಸಿದ ಮೇಲೆ "ಏನು ಓದಿದ್ರಿ?" ಎಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನಾನೊಂದು ಉಪಾಯ ಕಂಡುಹಿಡಿದೆ. ಪ್ರಶ್ನೆಯಲ್ಲಿ ಯಾವ ಪದ ಇದೆಯೋ ಅದೇ ಪದ ಪಾಠದಲ್ಲಿ ಎಲ್ಲಿದೆ ಹುಡುಕಿ, ಬೆರಳಿಡಿ, ಆ ವಾಕ್ಯವನ್ನು ಎತ್ತಿ ಬರೆಯಿರಿ, ಮುಂದೆ "ಏಕೆಂದರೆ" ಸೇರಿಸಿ. ಇಷ್ಟೇ. ಕೆಲವೇ ವಾರಗಳಲ್ಲಿ ಏಳನೇ ತರಗತಿ ಪೂರ್ತಿ ಎಲ್ಲ ಪ್ರಶ್ನೆಗೂ ಸರಿಯುತ್ತರ! ತರಗತಿಯಲ್ಲಿ ಗಲಾಟೆಯೂ ನಿಂತಿತು. ತಲೆ ಬಗ್ಗಿಸಿ, ಪುಸ್ತಕಗಳನ್ನು ಹಿಂದಕ್ಕೂ ಮುಂದಕ್ಕೂ ದಾಟಿಸುತ್ತ, ಮಕ್ಕಳು ಎಷ್ಟು ಶಿಸ್ತಿನಿಂದ ಬರೆಯುತ್ತಿದ್ದರೆಂದರೆ ನಾನು ಕುರ್ಚಿಯಲ್ಲಿ ಕೂತು ಕಣ್ಣು ತುಂಬ ನೋಡುತ್ತಿದ್ದೆ. ಪುಸ್ತಕಗಳು ಯಾಕೆ ಹಾಗೆ ಓಡಾಡುತ್ತಿವೆ ಎಂದು ಕೇಳಬೇಕೆಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಮಂಡಲದ ಮೇಷ್ಟ್ರುಗಳ ಮೀಟಿಂಗಿನಲ್ಲಿ ನನ್ನ ವಿಧಾನವನ್ನು ಎದ್ದು ನಿಂತು ವಿವರಿಸಿದೆ. ಚಪ್ಪಾಳೆ ಬಿತ್ತು. ಊಟದ ಹೊತ್ತಾಗಿತ್ತು, ಮುಗಿಯಿತಲ್ಲ ಎಂದು ತಟ್ಟಿರಬೇಕು.

ಹೀಗಿರುವಾಗ ಒಂದು ಬೆಳಗ್ಗೆ ನಮ್ಮ ತರಗತಿಯ ಒಬ್ಬ ಹುಡುಗಿಯ ತಾಯಿ ಶಾಲೆಗೆ ಬಂದಳು. ವಾರಕ್ಕೊಮ್ಮೆ ಯೂನಿಟ್ಟುಗಳಿಗೆ ಕರೆಂಟು ಕೊಡದ ದಿನ ಇರುತ್ತಿತ್ತು, ಅಂಥ ದಿನ ಅದು. ಬೊಮ್ಮನಹಾಳ್ ಕಡೆ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿಕೊಂಡಿದ್ದ ಮನೆತನ, ಈಗ ರಾಯದುರ್ಗದಲ್ಲಿ ಬಾಡಿಗೆ ಮನೆ. ಆಕೆ ಪ್ಯಾಂಟಿಗೆ ಜೇಬು ಕೂಡಿಸುವವಳು. ಹೆಡ್ಮಾಸ್ಟರ ರೂಮಿನ ಬಾಗಿಲಲ್ಲಿ ನಿಂತೇ ವಿಷಯಕ್ಕೆ ಬಂದಳು.

"ಸಾರ್, ಬ್ಯಾಸಿಗಿ ರಜೆ ಆದ ಮ್ಯಾಲ ಇಕಿನ್ನ ಯೂನಿಟ್ಟಿನ್ಯಾಗ ಕೂಡಸ್ಬೇಕಂತ ಮಾಡೀನ್ರಿ. ದಾರ ಕತ್ತರಸಾಕ ಜಾಗ ಐತಂತ."

ನನಗೆ ಸಿಟ್ಟು ಬಂತು. ಹುಡುಗಿ ಚೆನ್ನಾಗಿ ಓದುತ್ತಿದ್ದಳು. ಮುಂದಿನ ವರ್ಷ ಹೈಸ್ಕೂಲಿಗೆ ಹೋಗಬೇಕಾದವಳು. "ಏನಮ್ಮ ನೀನು! ಚಿನ್ನದಂಥ ಹುಡುಗಿ ಕಣಮ್ಮ. ಓದಿದ್ದನ್ನೆಲ್ಲ ಅರ್ಥ ಮಾಡ್ಕೊಂಡು ಉತ್ತರ ಬರೀತಾಳೆ. ಇಡೀ ಕ್ಲಾಸೇ ಬರೀತೈತೆ," ಎಂದು ಬಡಾಯಿ ಕೊಚ್ಚಿದೆ.

"ನಾನೂ ಐದನೇತ್ತ ತನಕ ಗಡಗಡ ಓದೀನ್ರಿ ಸಾರ್. ಒಂದಕ್ಷರ ತಿಳೀತಿದ್ದಿಲ್ಲ. ಬಾಯಿ ಓದ್ತಿತ್ತು, ನಾನು ಕಿಟಕಿ ನೋಡ್ತಿದ್ದೆ. ಇಕಿದೂ ಹಂಗ ಆದ್ರ ಸಾಲಿ ಯಾಕ್ರಿ? ಇಕಿಗೆ ತಿಳೀತೈತಿ ಅಂದ್ರ ನಂಗ ತೋರಸ್ರಿ. ಹೊಟ್ಟಿ ಕಟ್ಟಿಗೆಂಡು ಓದಸ್ತೀನಿ."

ಇದಕ್ಕಿಂತ ಸುಲಭದ ಪಂದ್ಯ ಉಂಟೇ! ನಾನು ಆಕೆಯನ್ನೂ ಹೆಡ್ಮಾಸ್ಟರನ್ನೂ ಮದುವೆಗೆ ಕರೆದೊಯ್ಯುವವನಂತೆ ತರಗತಿಗೆ ಕರೆದುಕೊಂಡು ಹೋದೆ. ಹಿಂದಿನ ದಿನವಷ್ಟೇ ಮುಗಿಸಿದ್ದ ಪಾಠ. ಕುಂಬಾರನೊಬ್ಬ ಹಳ್ಳ ದಾಟುವಾಗ ಮಡಕೆಗಳನ್ನೆಲ್ಲ ಕಳೆದುಕೊಂಡು ಪಕ್ಕದ ಮನೆಯವನ ಕತ್ತೆಯನ್ನು ಉಳಿಸಿದ ಕಥೆ. ಹುಡುಗಿಯ ಉತ್ತರದ ಪುಸ್ತಕ ತೆಗೆದು ತೋರಿಸಿದೆ, ಎಲ್ಲಕ್ಕೂ ನನ್ನ ಕೆಂಪು ಟಿಕ್ಕು. ತಾಯಿ ಅದನ್ನು ನೋಡಲೂ ಇಲ್ಲ. ಮಗಳ ಕಡೆ ತಿರುಗಿ, "ಏನೈತಿ ಹೇಳು ಆ ಕಥಿ?" ಎಂದಳು.

ಹುಡುಗಿ ಎದ್ದು ನಿಂತಳು. ಜಡೆ ಹಿಡಿದು ತಿರುವಿದಳು. ಆಮೇಲೆ ಬಹಳ ಸಹಜವಾಗಿ ಹೇಳಿದಳು:

"ಗೊತ್ತಿಲ್ಲ ಯಮ್ಮಾ. ನಂದು ಮೂರನೇ ಪ್ರಶ್ನೆ. ಕಥಿ ನಮ್ಮ ಬೆಂಚಿಗೆ ಬರಂಗಿಲ್ಲ."

ನನಗೆ ಅರ್ಥವಾಗಲಿಲ್ಲ. "ಬೆಂಚಿಗೆ ಬರಲ್ಲ ಅಂದ್ರೆ? ಕಥೆ ಯಾವ ಬೆಂಚಿಗೆ ಬರುತ್ತೆ?" ಎಂದು ಮುಂದಿನ ಬೆಂಚನ್ನು ಕೇಳಿದೆ. "ನಾವು ಹುಡುಕಿ ಬೆರಳಿಡೋರು ಸಾರ್, ಅಷ್ಟ," ಎಂದರು. ಎರಡನೆಯ ಬೆಂಚು, "ನಾವು ಎತ್ತಿ ಬರಿಯೋರು." ಅದರ ಹಿಂದಿನವರು, "ನಾವು 'ಏಕೆಂದರೆ' ಹಾಕೋರು ಸಾರ್." ಕೊನೆಯ ಬೆಂಚಿನ ಧಡಿಯರು ಹೆಮ್ಮೆಯಿಂದ ಎದ್ದು, "ನಾವು ಚೆಕಿಂಗು!" ಎಂದರು. ಒತ್ತು, ಕೊಂಬು ಬಿಟ್ಟುಹೋಗಿದ್ದರೆ ತಿದ್ದಿ ಪುಸ್ತಕಗಳನ್ನು ಕಟ್ಟು ಮಾಡಿ ನನ್ನ ಮೇಜಿಗೆ ಕಳಿಸುತ್ತಿದ್ದವರು ಅವರು. ಒಂದೊಂದು ಪ್ರಶ್ನೆಗೆ ಇಂಥವರೇ ಎಂದು ಹಂಚಿಕೆಯೂ ಆಗಿತ್ತು. ಮನೆಯಲ್ಲಿ ಅವರು ಕಂಡಿದ್ದೇ ಅದು. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟು, ಕೊನೆಗೆ ದಾರ ಕತ್ತರಿಸಿ ಚೆಕಿಂಗು. ಇಡೀ ಪ್ಯಾಂಟು ಹೊಲಿಯುವವರು ಆ ಊರಿನಲ್ಲಿ ಯಾರಿದ್ದರು? ಕೆಲಸ ಬೇಗ ಮುಗಿಯಬೇಕೆಂದರೆ ಹೀಗೇ ಮಾಡಬೇಕು ಎಂದು ಮಕ್ಕಳು ಯಾವ ಕಪಟವೂ ಇಲ್ಲದೆ ಪಾಠವನ್ನು ಬಿಚ್ಚಿ ಹಂಚಿಕೊಂಡಿದ್ದರು. ಕಥೆ ಯಾರ ಪಾಲಿಗೂ ಬಂದಿರಲಿಲ್ಲ.

ತಾಯಿ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. "ಸಾರ್, ನೀವು ಸಾಲಿ ನಡಸಾಕ ಹತ್ತೀರೋ, ಯೂನಿಟ್ಟು ನಡಸಾಕ ಹತ್ತೀರೋ?"

ನಮ್ಮ ಹೆಡ್ಮಾಸ್ಟರು ಮನೆಮಾತು ತೆಲುಗಿನವರು, ಸಜ್ಜನರು, ಆದರೆ ಸಮಯ ಸಿಕ್ಕರೆ ಚುಚ್ಚದೆ ಬಿಡುವವರಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ಏಮಂಡೀ ಮಾಸ್ಟಾರೂ, ಪ್ರೊಡಕ್ಷನ್ ಮಾತ್ರಂ ಬಾಗುಂದಿ," ಎಂದು ಉತ್ಪಾದನೆಯನ್ನು ಹೊಗಳಿ ಹೊರಟುಹೋದರು. ನೆಲ ಬಾಯಿಬಿಡಬಾರದೇ ಎನಿಸಿತು ನನಗೆ.

ತಾಯಿ ಮಾತ್ರ ನಗು ನಿಲ್ಲಿಸಿದ ಮೇಲೆ ಗಟ್ಟಿಯಾಗಿಯೇ ಮಾತಾಡಿದಳು. "ಉಗಾದಿ ಆದ ಮ್ಯಾಲ ಇನ್ನೊಂದು ಸಲ ಬರ್ತೀನ್ರಿ. ಪುಸ್ತಕದಾಗ ನನಗ ಬೇಕಾದ ಕಡಿ ಬೆರಳಿಡ್ತೀನಿ. ಅದನ್ನ ಓದಿ ಏನೈತಿ ಅಂತ ನಂಗ ತಿಳಿಯಂಗ ಹೇಳಿದ್ಲು ಅಂದ್ರ ಹೈಸ್ಕೂಲು. ಇಲ್ಲಂದ್ರ ಯೂನಿಟ್ಟು. ನೀವು ನಡುವ ಬಾಯಿ ಹಾಕಂಗಿಲ್ರಿ ಮತ್ತ." ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಬೆರಳುಗಳಿಗೆ ಜೀನ್ಸಿನ ನೀಲಿ ಆಗಲೇ ಹತ್ತಿತ್ತು, ಸಂಜೆ ಹೊತ್ತು ಅಮ್ಮನಿಗೆ ಕೈಜೋಡಿಸುತ್ತಿದ್ದಳಲ್ಲ. ಅವಳು ಅಳುತ್ತಿಲ್ಲ ಎಂಬುದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಮಾರನೆಯ ದಿನದಿಂದ ನಾನು ಅವತಾರ ಬದಲಿಸಿದೆ. ಮೊದಲು ಅಭಿನಯ. ಪಾಠದಲ್ಲಿ ಮುದುಕ ಬಂದರೆ ಸೊಂಟ ಬಗ್ಗಿಸಿ ಕೋಲೂರಿದೆ, ಹುಲಿ ಬಂದರೆ ಘರ್ಜಿಸಿದೆ. ಮಕ್ಕಳು ಪುಸ್ತಕ ಮುಚ್ಚಿಟ್ಟು ನನ್ನನ್ನೇ ನೋಡಿ ಕುಣಿದಾಡಿದರು. ಪಾಠ ಏನೆಂದು ಕೇಳಿದರೆ, "ನಿಮ್ಮ ಹುಲಿ ಚೊಲೊ ಐತ್ರಿ ಸಾರ್," ಎಂದರು. ಆಮೇಲೆ ಮೌನವಾಗಿ ಓದಿಸಿದೆ. ತುಟಿ ಅಲ್ಲಾಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ, ಮಕ್ಕಳು ಒಬ್ಬರ ತುಟಿ ಒಬ್ಬರು ಕಾಯುತ್ತ ಕೂತುಬಿಟ್ಟರು. ಆಮೇಲೆ ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ಹೇಳಿ ಎಂದೆ. ಆ ಹುಡುಗಿಯೇ ಎದ್ದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದಳು, ಕೊನೆಗೆ "ಅಭ್ಯಾಸ, ಬಿಟ್ಟ ಸ್ಥಳ ತುಂಬಿರಿ" ಎಂಬುದನ್ನೂ ಸೇರಿಸಿ. ಹಣೆ ಹಣೆ ಚಚ್ಚಿಕೊಂಡೆ. "ಅರ್ಥ ಆಯ್ತೇನ್ರೋ?" ಎಂದು ಕೂಗಿದರೆ, "ಆತ್ರೀ ಸಾರ್!" ಎಂದು ಮಾಡು ಹಾರುವಂತೆ ಉತ್ತರ. ಆ ಕೂಗನ್ನು ನಂಬಿಕೊಂಡೇ ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೆನಲ್ಲ ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೊನೆಗೆ ದಾರಿ ತೋರಿಸಿದ್ದು ನನ್ನ ಸೋಮಾರಿತನ. ಒಂದು ಸೋಮವಾರ ಊರಿಂದ ಬಸ್ಸು ಹಿಡಿದು ನೇರ ಶಾಲೆಗೆ ಬಂದಿದ್ದೆ. ಪಾಠ ಓದಿಕೊಂಡಿರಲಿಲ್ಲ. ಹೆದರುಪುಕ್ಕಲ ಕಾವಲುಗಾರನೊಬ್ಬ ತೋಟ ಕಾಯುವ ಕಥೆ. ಅದರ ಮುಕ್ಕಾಲು ನನಗೆ ಮರೆತುಹೋಗಿತ್ತು. ಮಕ್ಕಳು ತಾನೇ ಎಂದು, ಬಾಯಿಗೆ ಬಂದಂತೆ ಹೇಳುತ್ತ ಹೋದೆ. ಕಾವಲುಗಾರ ದೊಣ್ಣೆ ಹಿಡಿದು ಕಳ್ಳನ ಮೇಲೆ ಬಿದ್ದು ಚಚ್ಚಿದ ಎನ್ನುವಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು.

"ಇಲ್ರಿ ಸಾರ್! ಅವ ಹೊಡಿಯಂಗಿಲ್ಲ."

"ಹೊಡೀತಾನೆ ಕಣಮ್ಮ, ಕೂತ್ಕೋ."

"ಎಲೆ ಅಲ್ಲಾಡಿದ್ರನ ಗುಡಿಸಲದಾಗ ಹೊಕ್ಕಾನ, ಅಂಥವ ಕಳ್ಳಗ ಹೆಂಗ ಹೊಡಿತಾನ್ರಿ?" ಎಂದು ಪುಸ್ತಕ ಬಿಚ್ಚಿ ನನ್ನ ಮೂಗಿನ ಕೆಳಗೆ ಹಿಡಿದಳು. ಸರಿಯೇ, ಅವನು ಹೊಡೆದಿರಲಿಲ್ಲ. ಹಾಡು ಹೇಳಿ ಧೈರ್ಯ ತಂದುಕೊಂಡಿದ್ದ. ತರಗತಿಯಲ್ಲಿ ಪುಟ ತಿರುವುವ ಸದ್ದೆದ್ದಿತು. ಎಲ್ಲ ಬೆಂಚಿನವರೂ ಕಥೆಯೊಳಗೆ ನುಗ್ಗಿದ್ದರು. ಕಳ್ಳ ತೋಟದ ಯಾವ ಕಡೆಯಿಂದ ಬಂದ, ನಾಯಿ ಯಾಕೆ ಬೊಗಳಲಿಲ್ಲ, ಸಾರ್ ಇನ್ನೂ ಎಲ್ಲೆಲ್ಲಿ ಸುಳ್ಳು ಹೇಳಿದ್ದಾರೆ ಎಂದು ಹುಡುಕುವ ಹುರುಪು ನೋಡಬೇಕಿತ್ತು! ಮೇಷ್ಟ್ರನ್ನು ಸಿಕ್ಕಿಹಾಕಿಸುವ ಸುಖಕ್ಕಾಗಿ ಮಕ್ಕಳು ಏನನ್ನು ಬೇಕಾದರೂ ಅರ್ಥಮಾಡಿಕೊಳ್ಳುತ್ತಾರೆ.

ಅಂದಿನಿಂದ ದಿನವೂ ತಪ್ಪು ಕಥೆ ಹೇಳತೊಡಗಿದೆ. ಒಳ್ಳೆಯವರನ್ನು ಕೆಟ್ಟವರಾಗಿಸಿದೆ, ಬೇಸಿಗೆಯಲ್ಲಿ ಮಳೆ ತರಿಸಿದೆ, ಯಾರದೋ ಮಗನನ್ನು ಇನ್ಯಾರಿಗೋ ಕೊಟ್ಟೆ. ಮಕ್ಕಳು ಮನೆಯಲ್ಲೇ ಓದಿಕೊಂಡು ಕಾದಿರುತ್ತಿದ್ದರು. ಹುಡುಗಿ ಎಲ್ಲರಿಗಿಂತ ಮುಂದೆ. ಇದು ನಾನೇ ಯೋಚಿಸಿ ಕಂಡುಕೊಂಡ ಹೊಸ ವಿಧಾನ ಎಂದು ಹೆಡ್ಮಾಸ್ಟರ ಮುಂದೆ ಕೊಚ್ಚಿಕೊಳ್ಳದೆ ಇರಲಿಲ್ಲ. ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ತಪ್ಪು ಹೇಳೋದು ನಿಮಗೆ ಹೊಸದಾ ಮಾಸ್ಟಾರೂ?" ಎಂದರು.

ಉಗಾದಿ ಕಳೆಯಿತು. ಕರೆಂಟಿಲ್ಲದ ಒಂದು ದಿನ ತಾಯಿ ಬಂದಳು, ಹೇಳಿದ ಹಾಗೆಯೇ. ಹೆಡ್ಮಾಸ್ಟರ ರೂಮಿನಲ್ಲಿ ಕೂರಿಸಿದೆವು. ಹುಡುಗಿಯನ್ನು ಕರೆಯಲು ಕಳಿಸಿ ಕಾಯುವಾಗ ಹೆಡ್ಮಾಸ್ಟರು ಆಕೆಯನ್ನು ಮಾತಿಗೆಳೆದರು, ಹೊಲಿಗೆ ಎಲ್ಲಿ ಕಲಿತದ್ದು ಎಂದು. "ಬೆಂಗಳೂರಾಗ್ರಿ. ಗಾರ್ಮೆಂಟ್ಸಿಗೆ ಹೋಗಿದ್ದೆ, ಇಕಿ ಸಣ್ಣಾಕಿದ್ದಾಗ. ನಮ್ಮಕ್ಕನ ಮನ್ಯಾಗ ಬಿಟ್ಟು ಹೋಗಿದ್ದೆ," ಎಂದಳು. ಅಷ್ಟರಲ್ಲಿ ಹುಡುಗಿ ಬಂದಳು, ಮಾತು ನಿಂತಿತು.

ತಾಯಿ ಪುಸ್ತಕವನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ ಬಿಚ್ಚಿದಳು, ಬೆರಳಿಟ್ಟಳು. ನಾನು ಇಣುಕಿ ನೋಡಿದೆ. ಆ ವರ್ಷ ಇನ್ನೂ ಮಾಡದೆ ಉಳಿಸಿದ್ದ ಒಂದು ಪುಟ್ಟ ಪಾಠ. ಒಬ್ಬ ಹೆಂಗಸು ತಾನು ಸಾಕಿದ ಎಮ್ಮೆಯ ಕರುವನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾಳೆ. ಮಾರಿ, ಹಗ್ಗವನ್ನು ಕೊಂಡವನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ನಡೆದುಬಿಡುತ್ತಾಳೆ. "ಹೊತ್ತು ಮುಳುಗುವುದರೊಳಗೆ ಆಕೆ ಊರು ಸೇರಬೇಕಾಗಿತ್ತು" ಎಂದು ಕೊನೆಯ ಸಾಲು. ಸುಲಭ! ನನ್ನ ಜೀವ ಸ್ವಲ್ಪ ಸ್ವಸ್ಥಾನಕ್ಕೆ ಬಂತು.

ಹುಡುಗಿ ಪುಸ್ತಕ ಹಿಡಿದು ಸುಮ್ಮನೆ ನಿಂತಳು. ತುಟಿಯೂ ಅಲ್ಲಾಡಲಿಲ್ಲ. "ಯಾಕ, ಬಾಯಿ ಇಲ್ಲೇನು?" ಎಂದಳು ತಾಯಿ. "ಓದಾಕ ಹತ್ತೀನಿ ಯಮ್ಮಾ, ತಡಿ," ಎಂದಳು ಮಗಳು. ಮುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳತೊಡಗಿದಳು, ಪುಸ್ತಕದ ಮಾತಿನಲ್ಲಲ್ಲ, ಅವರ ಮನೆಯ ಮಾತಿನಲ್ಲಿ. ಕರು ದಾರಿಯುದ್ದಕ್ಕೂ ಹುಲ್ಲಿಗೆ ಬಾಯಿ ಹಾಕುತ್ತಿದ್ದದ್ದು, ಆಕೆ ಬುತ್ತಿ ಕಟ್ಟುವಾಗಲೇ ಅದಕ್ಕೂ ಒಂದು ತುಣುಕು ರೊಟ್ಟಿ ತೆಗೆದಿಟ್ಟಿದ್ದು. ತಾಯಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಗೆದ್ದೆವು ಎನ್ನಿಸಿತು ನನಗೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಯಿ ಹಾಕಬಾರದೆಂದು ಆಕೆ ಹೇಳಿದ್ದಳು ಬೇರೆ. ಆದರೆ ನನ್ನ ಬಾಯಿ ಕೇಳಬೇಕಲ್ಲ! ಗೈಡಿನಲ್ಲಿದ್ದ ಪ್ರಶ್ನೆ ತಾನಾಗಿ ಹೊರಬಿತ್ತು.

"ಆಕೆ ಯಾಕೆ ತಿರುಗಿ ನೋಡಲಿಲ್ಲ, ಹೇಳಮ್ಮ."

ಕೊನೆಯ ಸಾಲು, ಹೇಳಿಬಿಡು ಎಂದು ಹುಬ್ಬಿನಲ್ಲೇ ಸನ್ನೆ ಮಾಡಿದೆ.

"ಹೊತ್ತು ಮುಳುಗ್ತಿತ್ತು ಅಂತ ಬರ್ದಾರ ಸಾರ್. ಅದು ಸುಳ್ಳು."

ಕೆಟ್ಟಿತು ಕೆಲಸ! ಇಷ್ಟು ದಿನ ಮೇಷ್ಟ್ರು ಸುಳ್ಳುಗಾರನಾಗಿದ್ದ, ಈಗ ಸರ್ಕಾರದ ಪುಸ್ತಕವೂ ಸುಳ್ಳಾಯಿತು. ನಾನೇ ಕಲಿಸಿದ ಚಾಳಿಯಿಂದ ಹುಡುಗಿ ಯೂನಿಟ್ಟಿಗೆ ಹೋಗುತ್ತಾಳಲ್ಲ! "ಹಂಗಲ್ಲ ಕಣಮ್ಮ..." ಎಂದು ಶುರು ಮಾಡಿದೆ. ತಾಯಿ ಕೈಯೆತ್ತಿ ನನ್ನನ್ನು ತಡೆದಳು. "ಯಾಕ ಸುಳ್ಳು?" ಎಂದು ಮಗಳನ್ನು ಕೇಳಿದಳು.

"ಬುತ್ತಿ ಬಿಚ್ಚೋದ್ರಾಗ ಯಾಪಾರ ಮುಗೀತು ಅಂತ ಇಲ್ಲೇ ಬರ್ದಾರ ನೋಡು. ಹೊತ್ತು ಇನ್ನಾ ನೆತ್ತಿ ಮ್ಯಾಲೂ ಬಂದಿದ್ದಿಲ್ಲ. ಅಷ್ಟು ಅವಸರ ಯಾಕ ಅಕಿಗೆ? ಹೊರಳಿ ನೋಡಿದ್ರ ಬಿಟ್ಟು ಹೋಗಾಕ ಆಗ್ತಿದ್ದಿಲ್ಲ, ಅದಕ್ಕ." ನೆಲ ನೋಡುತ್ತ, ಮೆಲ್ಲಗೆ ಅಂದಳು, "ನೀನೂ ಬೆಂಗಳೂರಿಗೆ ಹೋಗಾಗ ಹೊರಳಿ ನೋಡ್ಲಿಲ್ಲ. ನಾನು ಬಸ್ಸಿನ ಹಿಂದ ಓಡಿ ಬಂದಿದ್ದೆ. ನಿಂಗ ನಾ ಬ್ಯಾಡ ಅದಕ್ಕ ನೋಡ್ಲಿಲ್ಲ ಅಂದ್ಕೊಂಡಿದ್ದೆ, ಇಷ್ಟು ದಿನ."

ಅದೇ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೆ ನಾನು. ಆ ಬುತ್ತಿ ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಾಯಿ ಕೂತಲ್ಲೇ ಮೇಜಿನ ಅಂಚನ್ನು ಉಗುರಿನಿಂದ ಗೀರಿದಳು. "ಬಸ್ಸಿನ ಕನ್ನಡ್ಯಾಗ ಕಾಣಾಕ ಹತ್ತಿದ್ದಿ," ಎಂದಳು. "ಡ್ರೈವರನ ಹಿಂದ ಕುಂತಿದ್ದೆ. ಒಂದು ಕಾಲಾಗ ಚಪ್ಪಲಿ ಇದ್ದಿಲ್ಲ ನಿಂಗ." ಮೂಗು ಒರೆಸಿಕೊಂಡು ಎದ್ದಳು. ಎದ್ದವಳು ಹೆಡ್ಮಾಸ್ಟರ ಕಡೆ ತಿರುಗಿ, ಹೈಸ್ಕೂಲಿಗೆ ಯಾವಾಗ ಬರಬೇಕು, ಏನೇನು ತರಬೇಕು ಎಂದು ಕೇಳಿದಳು. ಉತ್ತರ ಹೇಳಬೇಕೆಂದು ನಾನು ಬಾಯಿ ತೆರೆದೆ. ಈ ಸಲ ಮಾತ್ರ ಮುಚ್ಚಿಕೊಂಡೆ. ಹೆಡ್ಮಾಸ್ಟರೇ ಜೂನ್ ತಿಂಗಳು ಎಂದರು, ಟೀಸಿ ನಾವು ಕೊಡುತ್ತೇವೆ ಎಂದರು, ಇನ್ನೂ ಏನೇನೋ ಹೇಳುತ್ತಿದ್ದರು.

ಅವರು ಹೇಳುತ್ತಿರುವಾಗಲೇ ಹುಡುಗಿ ಅಮ್ಮನ ಸೆರಗು ಹಿಡಿದು ಜಗ್ಗಿದಳು.

"ಅಂದ್ರ, ನೀ ನೋಡಿದ್ದಿ."

"ಹ್ಞೂಂ," ಎಂದಳು ತಾಯಿ.